‘ಡೀಮ್’ ಎಂಬ ಕ್ರಿಯಾಪದದ ಸ್ಥಾನಚ್ಯುತಿ
ಅಭಿಪ್ರಾಯವನ್ನು ಸೂಚಿಸುವ ಇಂಗ್ಲಿಷ್ ಕ್ರಿಯಾಪದಗಳಲ್ಲಿ ‘ಡೀಮ್’, ‘ಜಡ್ಜ್’ ಎಂಬಿವು ಸಮಾನಾರ್ಥಕಗಳೆನಿಸಿದರೂ ಇವುಗಳ ಚರಿತ್ರೆ ಸಮಾನವಾದುದಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ‘ಡೇಮನ್’ ಎಂದರೆ ತೀರ್ಪು ಕೊಡುವುದು. ತೀರ್ಪಿಗೆ ‘ಡೋಮ್’ ಎಂದು ಹೆಸರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಕಾಲಕ್ರಮದಲ್ಲಿ ಫ್ರೆಂಚ್ ಅಲ್ಲಿನ ನ್ಯಾಯಸ್ಥಾನಗಳ ಭಾಷೆಯಾಯಿತು. ತೀರ್ಪಿನ ಅಧಿಕಾರವು ಫ್ರೆಂಚ್ ಮೂಲದ ‘ಜಡ್ಜ್’ ಶಬ್ದಕ್ಕೆ ಸಂದಿತು. ‘ಡೀಮ್’ಗೆ ಮುಖ್ಯವಾಗಿ ‘ಭಾವಿಸು’ ಎಂಬ ಅರ್ಥವೇ ಉಳಿಯಿತು. ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರ ಶಾಸನವು ವಿಧಿಸಿತು. ಆದರೆ ಆ ಶಾಸನವೇ ಫ್ರೆಂಚಿನಲ್ಲಿ ಬರೆಯಲ್ಪಟ್ಟಿತ್ತು! ಮ್ಯಾನ್ ದ್ವೀಪದಲ್ಲಿ ಮಾತ್ರ ನ್ಯಾಯಾಧೀಶರನ್ನು ಇಂದಿಗೂ ‘ಡೀಮ್‌ಸ್ಟರ್’ ಎಂದು ಕರೆಯುತ್ತಾರೆ. ನ್ಯಾಯಸ್ಥಾನದಿಂದ ಹೊರಬಿದ್ದ ಜನಭಾಷೆಯು ಮತ್ತೆ ಅದನ್ನು ಪ್ರವೇಶಿಸಿದರೂ ಕಳೆದುಕೊಂಡ ಅಧಿಕಾರವಾಣಿಯನ್ನೆಲ್ಲ ಮರಳಿ ಪಡೆಯಲಾರದೆಂಬುದಕ್ಕೆ ಈ ಕ್ರಿಯಾಪದವೇ ಸಾಕ್ಷಿ.