ಎಳ್ಳುಕಾಳಿನಷ್ಟು ಕಪ್ಪು

ತಲಕಾಡಿನ ವೈದ್ಯನಾಥೇಶ್ವರನ ಸನ್ನಿಧಿಗೆ ಕೂಸುಗಳನ್ನು ಎತ್ತಿಕೊಂಡು ಬರುವ ತಾಯಂದಿರು ಆ ಕೂಸಿನ ಕೆನ್ನೆಗೋ ಹಣೆಯ ಒಂದು ಪಕ್ಕಕ್ಕೋ ಕಾಡಿಗೆಯ ದೃಷ್ಟಿಬೊಟ್ಟನ್ನಿಡಲು ಮರೆಯರು. ಚೆಲುವಿನ ನಡುವೆ ಬೇಕೆಂದೇ ಒಂದು ಕುಂದನ್ನಿರಿಸಿ ಪರರ ಕಣ್ಣನ್ನು ಅಲ್ಲಿಯೇ ತಡೆಯುವ ಈ ಉಪಾಯವು, ಪ್ರಕೃತಿಯು ಇನ್ನೂ ಇಡದಿರುವ ಮಚ್ಚೆಯನ್ನು ಮನುಷ್ಯನೇ ಮುಂಗಡವಾಗಿ ಇಟ್ಟುಬಿಡುವ ಕ್ರಮವೆಂದರೂ ಸಲ್ಲುವುದು. ಮಚ್ಚೆಯೊಡನೆಯೇ ಜನಿಸುವ ಶಿಶುಗಳು ನೂರಕ್ಕೆ ಒಂದರಷ್ಟು ಮಾತ್ರ. ಮಿಕ್ಕ ಮಚ್ಚೆಗಳು ಬಾಲ್ಯದಲ್ಲಿ ಒಂದೊಂದಾಗಿ ಮೂಡಿ, ಯೌವನದವರೆಗೂ ಹೆಚ್ಚುತ್ತ ಹೋಗುವುವು.

ತಲ ಮತ್ತು ಕಾಡರೆಂಬ ಇಬ್ಬರು ಕಿರಾತರು ಮರಕ್ಕೆ ಕೊಡಲಿಯಿಕ್ಕಲು ನೆತ್ತರು ಚಿಮ್ಮಿತೆಂದೂ, ಆ ಮರದ ಎಲೆ ಹಣ್ಣುಗಳಿಂದಲೇ ಗಾಯವು ಮಾಯಿತೆಂದೂ, ತನ್ನ ವ್ರಣಕ್ಕೆ ತಾನೇ ಔಷಧವನ್ನರುಹಿದ ಶಿವನು ವೈದ್ಯನಾಥನಾದನೆಂದೂ ಇಲ್ಲಿಯ ಸ್ಥಳಪುರಾಣವು ಹೇಳುತ್ತದೆ. ಮಚ್ಚೆಯ ವಿಷಯದಲ್ಲಿ ಮನುಷ್ಯವೈದ್ಯರ ಮಾತಾದರೋ ಇನ್ನಷ್ಟು ಖಚಿತವಾದುದು. ಚರ್ಮಕ್ಕೆ ಸಮನಾಗಿ ಎಳ್ಳಿನಷ್ಟಿರುವ ಕಪ್ಪನ್ನು ತಿಲಕಾಲಕವೆಂದೂ, ಉದ್ದಿನ ಕಾಳಿನಂತೆ ಉಬ್ಬಿದುದನ್ನು ಮಷಕವೆಂದೂ, ಹುಟ್ಟಿನಿಂದಲೇ ಬಂದುದನ್ನು ಜತುಮಣಿಯೆಂದೂ ಸುಶ್ರುತಸಂಹಿತೆಯು ವಿಂಗಡಿಸಿ, ಇವನ್ನು ಕೆರೆದು ಕ್ಷಾರದಿಂದಲೋ ಅಗ್ನಿಯಿಂದಲೋ ಸುಡುವ ವಿಧಿಯನ್ನೂ ಹೇಳಿದೆ. ಮೈಯ ಕಲೆಯನ್ನು ಅಡುಗೆಮನೆಯ ಕಾಳಿನಿಂದ ಅಳೆದ ಆ ಕಣ್ಣಿಗೆ ನಾನು ಮರುಳಾಗಿದ್ದೇನೆ.

ಗಂಗರ ರಾಜಧಾನಿಯಾಗಿದ್ದ ತಲಕಾಡು 11ನೆಯ ಶತಮಾನದ ಆದಿಯಲ್ಲಿ ಚೋಳರ ವಶವಾಗಿ ರಾಜರಾಜಪುರವೆನಿಸಿತು. ಮುಂದಿನ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನು ಇದನ್ನು ಗೆದ್ದು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿದನು. ಊರಿನ ಹೆಸರು ಬದಲಾಯಿತು, ಕಾವೇರಿಯ ಮರಳು ಇಲ್ಲಿಯ ಗುಡಿಗಳನ್ನು ಮುಚ್ಚಿತು. ಮಚ್ಚೆಯೆಂಬ ಮಾತು ಮಾತ್ರ ಗಡಿಯನ್ನೇ ಅರಿಯದೆ ತಮಿಳಿನಲ್ಲಿ ಮಚ್ಚಮೆಂದೂ ತೆಲುಗಿನಲ್ಲಿ ಮಚ್ಚವೆಂದೂ ಉಳಿದಿದೆ. ಅದಕ್ಕೆ ಪ್ರಾಸ ಕೂಡಿಸಲೆಂಬಂತೆ ಹಚ್ಚೆಯೂ ಇದೆ: ಊರೂರು ತಿರುಗುತ್ತಿದ್ದ ಕೊರವಂಜಿಯರು ಹೆಣ್ಣುಮಕ್ಕಳ ಗಲ್ಲದ ಮೇಲೆ ಸೂಜಿಯಿಂದ ಚುಚ್ಚುತ್ತಿದ್ದ ಚುಕ್ಕೆಯು ಮಚ್ಚೆಯ ಅನುಕರಣವಲ್ಲದೆ ಮತ್ತೇನು?

ಚರ್ಮಕ್ಕೆ ಬಣ್ಣವನ್ನೀಯುವ ಮೆಲನಿನ್ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ಒಂದೆಡೆ ಗುಂಪುಗೂಡಿದಾಗ ಮಚ್ಚೆಯಾಗುವುದರಿಂದ, ಕಪ್ಪು ಮೈಯವರಿಗೇ ಮಚ್ಚೆಗಳು ಹೆಚ್ಚೆಂದು ಊಹಿಸುವುದು ಸಹಜ. ನಿಜವು ಇದಕ್ಕೆ ತಿರುಗಾಮುರುಗಾ. ಕೆನಡಾದ ವ್ಯಾಂಕೂವರ್ ನಗರದಲ್ಲಿ ಶಾಲಾಬಾಲಕರ ಮೈಮೇಲಿನ ಮಚ್ಚೆಗಳನ್ನೆಣಿಸಿ ನೋಡಿದ ವೈದ್ಯರು, ಬಿಳಿಯರ ಮಕ್ಕಳಲ್ಲಿ ಅವು ಹೆಚ್ಚೆಂದೂ, ಭಾರತ ಪಾಕಿಸ್ತಾನಗಳ ಮೂಲದ ಮಕ್ಕಳಲ್ಲಿ ತೀರ ಕಡಮೆಯೆಂದೂ 1991ರಲ್ಲಿ ಪ್ರಕಟಿಸಿದರು. ಬಿಳಿಯ ಚರ್ಮಕ್ಕೆ ಬಿಸಿಲೇ ಮಚ್ಚೆಯನ್ನು ಬಿತ್ತುವುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಉರಿಬಿಸಿಲಿನಲ್ಲಿ ಬೆಳೆಯುವ ಬಿಳಿಯ ಮಕ್ಕಳ ಮೈಯಲ್ಲಿ ಅವು ಹತ್ತಾರು. ಕಾವೇರಿಯ ಮರಳಿನಲ್ಲಿ ದಿನವಿಡೀ ಆಡುವ ನಮ್ಮ ಮಕ್ಕಳಿಗೆ ಮೈಬಣ್ಣವೇ ಕೊಡೆಯಾಗಿದೆ.

ಮಚ್ಚೆಗಳು ವಿರಳವಾದುದರಿಂದಲೇ ನಮ್ಮ ಸಾಮುದ್ರಿಕರಿಗೆ ಒಂದೊಂದಕ್ಕೂ ಒಂದೊಂದು ಫಲವನ್ನು ನುಡಿಯುವ ಧೈರ್ಯ ಬಂದಿತೋ ಏನೋ ಎಂದು ನಾನೊಮ್ಮೆ ಊಹಿಸಿದ್ದುಂಟು. ಆದರೆ ಮೈತುಂಬ ಮಚ್ಚೆಗಳಿದ್ದ ಯೂರೋಪಿನವರೂ 17ನೆಯ ಶತಮಾನದಲ್ಲಿ ಮಚ್ಚೆಯ ಫಲಗ್ರಂಥಗಳನ್ನು ಅಚ್ಚುಹಾಕಿಸಿದ್ದರೆಂದು ತಿಳಿದ ಮೇಲೆ ಆ ಊಹೆಯನ್ನು ಕೈಬಿಟ್ಟೆನು. ಆದರೂ ಮಚ್ಚೆಯ ಎಣಿಕೆಗೂ ಫಲಕ್ಕೂ ಏನೋ ನಂಟಿದೆಯೆಂಬ ಭಾವವನ್ನು ಪೂರ್ತಿಯಾಗಿ ಬಿಡಲು ಮನಸ್ಸಿಲ್ಲ. ಅದೇ ವ್ಯಾಂಕೂವರಿನ ಎಣಿಕೆಯಲ್ಲಿ ಅಂಗೈ ಅಂಗಾಲುಗಳ ಮಟ್ಟಿಗೆ ಮಾತ್ರ ಲೆಕ್ಕವು ತಲೆಕೆಳಗಾಗಿ, ಅಲ್ಲಿಯ ಮಚ್ಚೆಗಳು ಏಷ್ಯಾಮೂಲದ ಮಕ್ಕಳಲ್ಲಿಯೇ ಹೆಚ್ಚಾಗಿ ಕಂಡವು. ನಮ್ಮ ಕಡೆಯ ಅಜ್ಜಿಯರು ಅಂಗೈಯ ಮಚ್ಚೆಗೆ ಧನಯೋಗವನ್ನೂ ಅಂಗಾಲಿನ ಮಚ್ಚೆಗೆ ದೂರಪ್ರಯಾಣವನ್ನೂ ಹೇಳುತ್ತ ಬಂದಿರುವುದು ಆ ಎರಡು ಎಡೆಗಳನ್ನು ಕುರಿತೇ.