ಆಪ್ಟಿಕಲ್ ಫೈಬರ್: ವಿಶ್ವವಿದ್ಯಾಲಯ ಮತ್ತು ಉದ್ಯಮಗಳ ಅಂತರರಾಷ್ಟ್ರೀಯ ಸಹಯೋಗದ ಇತಿಹಾಸ

ಬೆಳಕನ್ನು ತನ್ನೊಳಗೇ ಹಿಡಿದಿಟ್ಟು ದೂರಕ್ಕೆ ಸಾಗಿಸುವ ಗಾಜಿನ ಎಳೆಗೆ ಆಪ್ಟಿಕಲ್ ಫೈಬರ್ ಎಂದು ಹೆಸರು. ಖಂಡಖಂಡಗಳ ನಡುವೆ ಮಾತು, ಚಿತ್ರ, ದತ್ತಾಂಶಗಳು ಓಡಾಡುವುದು ಈ ಎಳೆಗಳಲ್ಲಿ. ಇದನ್ನು ಯಾವ ದೇಶವೂ ಒಂಟಿಯಾಗಿ ಕಟ್ಟಲಿಲ್ಲ. ಸರಿಯಾದ ಪ್ರಶ್ನೆ ಕೇಳಿದ್ದು ಒಂದು ದೂರಸಂಪರ್ಕ ಕಂಪನಿಯ ಪ್ರಯೋಗಾಲಯ, ತಕ್ಕ ಗಾಜು ಮಾಡಿದ್ದು ಇನ್ನೊಂದು ದೇಶದ ಗಾಜಿನ ಕಂಪನಿ, ದೂರದ ದಾರಿಯಲ್ಲಿ ಸೊರಗುವ ಬೆಳಕಿಗೆ ಮತ್ತೆ ಬಲ ತುಂಬುವ ಉಪಾಯ ಮೊದಲು ಹೊಮ್ಮಿದ್ದು ಒಂದು ವಿಶ್ವವಿದ್ಯಾಲಯದಲ್ಲಿ. ಫೋಟಾನಿಕ್ಸ್‌ನ (ಬೆಳಕಿನ ತಂತ್ರವಿದ್ಯೆಯ) ಬೇರೆ ಯಾವ ಶಾಖೆಯಲ್ಲೂ ಈ ಕೈಬದಲು ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಆರಂಭದ ಅಗತ್ಯ ವೈದ್ಯಕೀಯದ್ದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲಾರೆನ್ಸ್ ಕರ್ಟಿಸ್, ಒಂದು ಗಾಜಿನ ಮೇಲೆ ಮತ್ತೊಂದು ಬಗೆಯ ಗಾಜಿನ ಹೊದಿಕೆಯಿರುವ ಎಳೆ ತೆಗೆದರು. ಅದರಿಂದ ವೈದ್ಯ ಬೇಸಿಲ್ ಹಿರ್ಶೊವಿಟ್ಜ್ ಜಠರದ ಒಳಗನ್ನು ನೋಡುವ, ಬಳುಕುವ ದರ್ಶಕವನ್ನು ಸಾಧ್ಯವಾಗಿಸಿದರು. ಹೊಟ್ಟೆಯೊಳಕ್ಕೆ ಇಳಿಯಲು ಒಂದು ಮೀಟರಿನ ಎಳೆ ಸಾಕು. ಹಾಗಾಗಿ ಬೆಳಕು ಎಷ್ಟು ಸೋರಿದರೂ ಆಗ ಅದು ಯಾರಿಗೂ ತೊಡಕಾಗಲಿಲ್ಲ.

ದೂರವಾಣಿಯವರಿಗೆ ಮಾತ್ರ ಅದೇ ದೊಡ್ಡ ತೊಡಕು. 1960ರ ದಶಕದ ನಡುವೆ ಒಳ್ಳೆಯ ಎಳೆಯಲ್ಲೂ ಕಿಲೋಮೀಟರಿಗೆ ಸುಮಾರು 1,000 ಡೆಸಿಬೆಲ್ ನಷ್ಟವಿತ್ತು. ಎಂದರೆ 20 ಮೀಟರು ಸಾಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಬೆಳಕಷ್ಟೇ ಉಳಿಯುತ್ತಿತ್ತು. ಇಂಗ್ಲೆಂಡಿನ ಹಾರ್ಲೋದಲ್ಲಿ ಅಮೆರಿಕದ ಐಟಿಟಿ ಕಂಪನಿಗೆ ಸೇರಿದ ಸ್ಟ್ಯಾಂಡರ್ಡ್ ಟೆಲಿಕಮ್ಯುನಿಕೇಶನ್ ಲ್ಯಾಬೊರೇಟರೀಸ್ ಇತ್ತು. ಅಲ್ಲಿದ್ದ, ಶಾಂಘೈಯಲ್ಲಿ ಹುಟ್ಟಿದ ಚಾರ್ಲ್ಸ್ ಕಾವೊ, ಜಾರ್ಜ್ ಹಾಕಮ್ ಜೊತೆ 1966ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ದೋಷ ಗಾಜಿನ ಸ್ವಭಾವದ್ದಲ್ಲ, ಅದರಲ್ಲಿ ಬೆರೆತ ಕಬ್ಬಿಣದಂಥ ಕಲ್ಮಶಗಳದ್ದು ಎಂದು ವಾದಿಸಿದರು. ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ ದೂರವಾಣಿಗೆ ಈ ಎಳೆ ಒದಗುತ್ತದೆ ಎಂಬ ಗುರಿಯನ್ನೂ ಇಟ್ಟರು. ಕಾವೊ ಈ ಮಾತನ್ನು ಸ್ವಂತ ಕಂಪನಿಯ ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ದೇಶದೇಶ ಸುತ್ತಿ, ಪ್ರತಿಸ್ಪರ್ಧಿಗಳ ಪ್ರಯೋಗಾಲಯಗಳಿಗೂ ಹೋಗಿ, ಗಾಜು ಬಲ್ಲವರನ್ನು ಒಪ್ಪಿಸಲು ದುಡಿದರು. ಮುಂದೆ ಹಾರ್ಲೋದ ತಮ್ಮ ಪ್ರಯೋಗಾಲಯದಲ್ಲೇ ಶುದ್ಧ ಸಿಲಿಕಾ ಗಾಜಿನ ತುಂಡುಗಳನ್ನು ಅಳೆದು, ನಷ್ಟ ಅಷ್ಟು ಕೆಳಗಿಳಿಯುವುದು ನಿಜ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಸಂದ ನೊಬೆಲ್ ಪ್ರಶಸ್ತಿಯನ್ನು ಆ 1966ರ ಪ್ರಬಂಧಕ್ಕಷ್ಟೇ ಅಲ್ಲ, ಈ ತಿರುಗಾಟಕ್ಕೂ ಸಂದ ಗೌರವವೆಂದು ಓದಬೇಕು.

ಬ್ರಿಟಿಷ್ ಅಂಚೆ ಇಲಾಖೆಯ ಸಂಶೋಧಕರ ಮೂಲಕ ಈ ಪ್ರಶ್ನೆ ಅಮೆರಿಕದ ಕಾರ್ನಿಂಗ್ ಕಂಪನಿಗೆ ತಲುಪಿತು. ಅಲ್ಲಿ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಜ್ ಅವರು ಆವಿಯಿಂದ ಗಾಜನ್ನು ಕಟ್ಟುವ ವಿಧಾನ ಹಿಡಿದು, ಟೈಟೇನಿಯಂ ಬೆರೆಸಿದ ಸಿಲಿಕಾದಿಂದ 1970ರಲ್ಲಿ 20 ಡೆಸಿಬೆಲ್‌ನ ಗೆರೆ ದಾಟಿದರು. ಜಪಾನಿನಲ್ಲಿ ಸಹಯೋಗಕ್ಕೆ ಇನ್ನೊಂದು ರೂಪ. ಅಲ್ಲಿ ಸರ್ಕಾರಿ ದೂರವಾಣಿ ನಿಗಮ ಎನ್‌ಟಿಟಿ, ಸುಮಿಟೊಮೊ, ಫುರುಕಾವಾ, ಫುಜಿಕುರಾ ಎಂಬ ಮೂರು ಕೇಬಲ್ ಕಂಪನಿಗಳನ್ನು ಒಟ್ಟಿಗೆ ಕೂಡಿಸಿಕೊಂಡು ತಯಾರಿಕೆಯ ವಿಧಾನವನ್ನೇ ಹಂಚಿಕೊಂಡು ಬೆಳೆಸಿತು. 1979ರಲ್ಲಿ ಎನ್‌ಟಿಟಿಯ ಸಂಶೋಧಕರು 1.55 ಮೈಕ್ರೋಮೀಟರ್ ತರಂಗಾಂತರದಲ್ಲಿ ನಷ್ಟವನ್ನು ಕಿಲೋಮೀಟರಿಗೆ 0.2 ಡೆಸಿಬೆಲ್‌ಗೆ ಇಳಿಸಿದರು. 20 ಮೀಟರಿನಲ್ಲಿ ಸೋರುತ್ತಿದ್ದಷ್ಟು ಬೆಳಕು ಸೋರಲು ಈಗ 100 ಕಿಲೋಮೀಟರು ಬೇಕಾಯಿತು.

ಇಷ್ಟಾದರೂ ಸಾಗರ ದಾಟಲು ಅದು ಸಾಲದು. 1988ರಲ್ಲಿ ಬಳಕೆಗೆ ಬಂದ, ಅಟ್ಲಾಂಟಿಕ್ ದಾಟುವ ಮೊದಲ ಫೈಬರ್ ಕೇಬಲ್ ಟಿಎಟಿ-8ರಲ್ಲಿ ಹತ್ತಾರು ಕಿಲೋಮೀಟರಿಗೊಮ್ಮೆ ಬೆಳಕನ್ನು ವಿದ್ಯುತ್ತಾಗಿಸಿ, ತಿದ್ದಿ, ಮತ್ತೆ ಬೆಳಕಾಗಿಸುವ ಉಪಕರಣಗಳನ್ನು ಸಮುದ್ರದ ತಳದಲ್ಲಿ ಕೂರಿಸಬೇಕಾಯಿತು. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ ಬಂತು. ಅಲೆಕ್ ಗ್ಯಾಂಬ್ಲಿಂಗ್ ಅಲ್ಲಿ 1960ರ ದಶಕದಿಂದಲೇ ಫೈಬರ್ ಗುಂಪು ಕಟ್ಟಿದ್ದರು. ಅವರ ಶಿಷ್ಯ ಡೇವಿಡ್ ಪೇನ್ ಗಾಜನ್ನು ಖರೀದಿಸದೆ ತಾವೇ ಮಾಡುವ, ತಾವೇ ಎಳೆ ತೆಗೆಯುವ ಪ್ರಯೋಗಾಲಯ ಬೆಳೆಸಿದರು. ಈ ಸ್ವಾವಲಂಬನೆಯನ್ನು ನಾನು ಅತಿ ಮುಖ್ಯವೆಂದು ಭಾವಿಸುತ್ತೇನೆ. ಕಂಪನಿಗಳು ಗಾಜಿನಿಂದ ಕಲ್ಮಶ ತೆಗೆಯಲು ಹೆಣಗುತ್ತಿದ್ದಾಗ, ಬೇಕೆಂದೇ ಅದಕ್ಕೆ ವಿರಳ ಭಸ್ಮ ಧಾತು ಬೆರೆಸಿ ನೋಡುವ ಧೈರ್ಯ ಅವರಿಗೆ ಇಲ್ಲಿಂದಲೇ ಬಂತು. ವಿರಳ ಭಸ್ಮ ಧಾತು ಬೆರೆಸಿದ ಗಾಜಿನ ಲೇಸರನ್ನು ಎಲಿಯಾಸ್ ಸ್ನಿಟ್ಜರ್ 1961ರಲ್ಲೇ ತೋರಿಸಿದ್ದರೂ ಕಡಿಮೆ ನಷ್ಟದ ಎಳೆಯಲ್ಲಿ ಅದನ್ನು 1985ರಲ್ಲಿ ಸಾಧಿಸಿದವರು ಸೌತಾಂಪ್ಟನ್ನಿನವರು.

ಮುಂದಿನ ಹೆಜ್ಜೆ ಎರ್ಬಿಯಂ ಎಂಬ ವಿರಳ ಭಸ್ಮ ಧಾತು. ಎರ್ಬಿಯಂ ಅಯಾನುಗಳಿಗೆ ಬೇರೊಂದು ಲೇಸರಿನಿಂದ ಶಕ್ತಿ ಉಣಿಸಿದರೆ, ಹಾದುಹೋಗುವ ದುರ್ಬಲ ಸಂಕೇತ ಆ ಶಕ್ತಿಯನ್ನು ಪಡೆದು ಬಲಿಯುತ್ತದೆ. ಅದು ಬಲಿಯುವ ತರಂಗಾಂತರ ಸಿಲಿಕಾದ ನಷ್ಟ ಅತಿ ಕಡಿಮೆ ಇರುವ 1.55 ಮೈಕ್ರೋಮೀಟರ್ ಆಸುಪಾಸಿನದೇ. ಪ್ರಕೃತಿಯ ಈ ಹೊಂದಾಣಿಕೆ ಇಲ್ಲದಿದ್ದರೆ ಇಂದಿನ ಅಂತರ್ಜಾಲದ ರೂಪವೇ ಬೇರೆಯಾಗುತ್ತಿತ್ತು. 1987ರಲ್ಲಿ ಸೌತಾಂಪ್ಟನ್ನಿನ ರಾಬರ್ಟ್ ಮಿಯರ್ಸ್, ಲಾರೆನ್ಸ್ ರೀಕಿ, ಇಯಾನ್ ಜಾನ್ಸಿ ಮತ್ತು ಪೇನ್ ಹೀಗೆ ಸಂಕೇತಕ್ಕೆ ಬಲ ತುಂಬುವ ಎರ್ಬಿಯಂ ವರ್ಧಕದ ವರದಿ ಮಾಡಿದರು. ಅದೇ ವರ್ಷ ಅಮೆರಿಕದ ದೂರವಾಣಿ ಪ್ರಯೋಗಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಫ್ರಾನ್ಸಿನ ಎಮಾನ್ಯುಯೆಲ್ ದೆಸುರ್ವೀರ್ ಮತ್ತು ಸಂಗಡಿಗರೂ ಇದನ್ನು ಸಾಧಿಸಿದರು. ಕೇಬಲ್ಲಿಗೆ ಸೇರಿಸಬಲ್ಲ ಪುಟ್ಟ ಡಯೋಡ್ ಲೇಸರಿನಿಂದಲೇ ಶಕ್ತಿ ಉಣಿಸುವುದನ್ನು 1989ರಲ್ಲಿ ತೋರಿಸಿದ್ದು ಎನ್‌ಟಿಟಿಯ ಮಸಟಾಕಾ ನಕಾಜಾವಾ ಅವರ ಗುಂಪು. ಹೀಗೆ ಬ್ರಿಟನ್ನಿನ ವಿಶ್ವವಿದ್ಯಾಲಯ, ಅಮೆರಿಕ ಮತ್ತು ಜಪಾನಿನ ದೂರವಾಣಿ ಪ್ರಯೋಗಾಲಯಗಳು ಪರಸ್ಪರರ ಪ್ರಬಂಧ ಓದುತ್ತ, ಪೈಪೋಟಿ ನಡೆಸುತ್ತಲೇ ಒಂದು ಸಾಧನವನ್ನು ಪೂರ್ಣಗೊಳಿಸಿದವು. 1996ರ ಟಿಎಟಿ-12/13 ಕೇಬಲ್ ಈ ವರ್ಧಕಗಳನ್ನು ಬಳಸಿ ಅಟ್ಲಾಂಟಿಕ್ ದಾಟಿತು. ಒಂದೇ ವರ್ಧಕ ಹಲವು ತರಂಗಾಂತರಗಳಿಗೆ ಒಮ್ಮೆಲೇ ಬಲ ತುಂಬುವುದರಿಂದ, ಒಂದು ಎಳೆಯಲ್ಲಿ ಬೇರೆಬೇರೆ ಬಣ್ಣಗಳ ಸಂಕೇತಗಳನ್ನು ಜೊತೆಯಾಗಿ ಕಳಿಸುವುದೂ ಅಗ್ಗವಾಯಿತು.

ಇದಕ್ಕೆ ಪೂರಕವಾಗಿ ಬಂದ ರಾಮನ್ ವರ್ಧಕಕ್ಕೆ ಆಧಾರವಾದದ್ದು ಸಿ. ವಿ. ರಾಮನ್ 1928ರಲ್ಲಿ ಕಲ್ಕತ್ತದಲ್ಲಿ ಕಂಡ ಪರಿಣಾಮ. ಆ ಪರಿಣಾಮದಿಂದ ಗಾಜಿನ ಎಳೆಯಲ್ಲಿ ಬೆಳಕನ್ನು ವರ್ಧಿಸಬಹುದೆಂದು 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್ ತೋರಿಸಿತು.

ಸಹಯೋಗದ ಮಗ್ಗುಲಲ್ಲೇ ವ್ಯಾಜ್ಯಗಳೂ ಇದ್ದವು. ಕಾರ್ನಿಂಗ್ ತನ್ನ ಪೇಟೆಂಟುಗಳನ್ನು ಬಿಗಿಯಾಗಿ ಕಾಯ್ದು, ಸುಮಿಟೊಮೊ ವಿರುದ್ಧದ ಮೊಕದ್ದಮೆಯಲ್ಲಿ 1989ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲೂ ಗೆದ್ದಿತು.

1989ರಲ್ಲೇ ಸೌತಾಂಪ್ಟನ್ನಿನ ಆಪ್ಟೊಎಲೆಕ್ಟ್ರಾನಿಕ್ಸ್ ಸಂಶೋಧನಾ ಕೇಂದ್ರ ಆರಂಭವಾಯಿತು. ಅದರ ಸುತ್ತ ಹಲವು ಕಂಪನಿಗಳು ಹುಟ್ಟಿದವು. ಫೈಬರ್ ಲೇಸರ್ ತಯಾರಿಸುವ ಎಸ್‌ಪಿಐ ಲೇಸರ್ಸ್ ಅವುಗಳಲ್ಲೊಂದು, ಅದನ್ನು 2008ರಲ್ಲಿ ಜರ್ಮನಿಯ ಟ್ರುಂಪ್ಫ್ ಕೊಂಡುಕೊಂಡಿತು. ಗಾಜಿನ ಬದಲು ಗಾಳಿಯಲ್ಲಿ ಬೆಳಕು ಸಾಗುವ ಟೊಳ್ಳು ಎಳೆಗಳಿಗಾಗಿ ಅದೇ ಕೇಂದ್ರದಿಂದ ಹೊರಬಂದ ಲುಮೆನಿಸಿಟಿ ಕಂಪನಿಯನ್ನು 2022ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಖರೀದಿಸಿತು. ಬೆಳಕು ಗಾಜಿಗಿಂತ ಗಾಳಿಯಲ್ಲಿ ವೇಗವಾಗಿ ಹೋಗುವುದರಿಂದ ದತ್ತಾಂಶ ಕೇಂದ್ರಗಳವರಿಗೆ ಇದರಲ್ಲಿ ಆಸಕ್ತಿ. 2025ರಲ್ಲಿ ಮೈಕ್ರೋಸಾಫ್ಟ್ ಮತ್ತು ಸೌತಾಂಪ್ಟನ್ ಸಂಶೋಧಕರು ಒಟ್ಟಾಗಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥ ಎಳೆಯ ನಷ್ಟ ಕಿಲೋಮೀಟರಿಗೆ 0.091 ಡೆಸಿಬೆಲ್ ಎಂದು ದಾಖಲಾಗಿದೆ. ನಾಲ್ಕು ದಶಕಗಳಿಂದ ಸಿಲಿಕಾ ಗಾಜು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದ ಮಿತಿಗಿಂತ ಇದು ಬಹಳ ಕೆಳಗೆ.