ಹಿಂಡಲಗಾ ಜೈಲಿನ ಟಪಾಲು

ಬೆಳಗಾವಿಯಿಂದ ವೆಂಗುರ್ಲಾ ಕಡೆಗೆ ಹೋಗುವ ರಸ್ತೆಯಲ್ಲಿರುವ ಹಿಂಡಲಗಾ ಜೈಲು 1923ರದು. ಒಳಗಿದ್ದವರಿಗೆ ಹೊರಗಿನಿಂದ ಬರುವ ಕಾಗದವನ್ನು ಮೊದಲು ಓದುವವರು ಜೈಲಿನ ಅಧಿಕಾರಿ. ಕೈದಿಯ ಸರದಿ ಆಮೇಲೆ. ಲಕೋಟೆ ಒಡೆದು, ಮಡಿಕೆಯಲ್ಲಿ ನೋಟು, ಬ್ಲೇಡು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಓದಿ, ತಕರಾರಿಲ್ಲದಿದ್ದರೆ ಬ್ಯಾರಕ್ಕಿಗೆ ಕಳಿಸುವುದು ಪದ್ಧತಿ. 1879ರಲ್ಲಿ ಕಾಲಾಣೆಗೆ ಬಂದ ಪೋಸ್ಟ್‌ಕಾರ್ಡಿಗೆ ಈ ತಾಪತ್ರಯವಿಲ್ಲ: ಅದರಲ್ಲಿ ಒಡೆಯುವುದಕ್ಕೂ ಏನಿಲ್ಲ, ಅಡಗಿಸುವುದಕ್ಕೂ ಏನಿಲ್ಲ.

ಈ ಪದ್ಧತಿಯ ಬೇರು 1894ರ ಕಾರಾಗೃಹ ಕಾಯ್ದೆಯಲ್ಲಿದೆ. ಭೇಟಿ ಮತ್ತು ಪತ್ರವ್ಯವಹಾರದ ನಿಯಮ ಮಾಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ನಿಯಮ ಮೀರಿ ಕೈದಿಗೆ ಸುದ್ದಿ ಮುಟ್ಟಿಸಿದವರಿಗೆ 42ನೇ ಕಲಮಿನಂತೆ 6 ತಿಂಗಳವರೆಗೆ ಸಜೆ, ಇಲ್ಲವೆ 200 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಕಾಲದ 200 ರೂಪಾಯಿ ಒಂದು ರೈತ ಕುಟುಂಬವನ್ನು ಸಾಲಕ್ಕೆ ನೂಕುವಷ್ಟು ದೊಡ್ಡ ಮೊತ್ತ.

ಅಸಹಕಾರ, ಕಾನೂನುಭಂಗದ ವರ್ಷಗಳಲ್ಲಿ ಓದುಬರಹ ಬಲ್ಲವರೇ ಜೈಲು ತುಂಬಿದಾಗ ಟಪಾಲಿನ ಪ್ರಶ್ನೆ ರಾಜಕೀಯದ ಪ್ರಶ್ನೆಯೂ ಆಯಿತು. ಕೈದಿಗಳ ಸ್ಥಿತಿಗತಿ ಸುಧಾರಿಸಬೇಕೆಂದು ಉಪವಾಸ ಕೂತ ಜತೀಂದ್ರನಾಥ ದಾಸ್ 1929ರ ಸೆಪ್ಟೆಂಬರ್ 13ರಂದು ಲಾಹೋರ್ ಜೈಲಿನಲ್ಲಿ ತೀರಿಕೊಂಡರು. ಮರುವರ್ಷ ಎ, ಬಿ, ಸಿ ಎಂಬ ವರ್ಗಗಳು ಬಂದವು. ಎ ವರ್ಗದವರಿಗೆ ತಿಂಗಳಿಗೊಂದರ ಬದಲು ಹದಿನೈದು ದಿನಕ್ಕೊಂದು ಕಾಗದ. ಹಳ್ಳಿಯಿಂದ ಬಂದ ಸತ್ಯಾಗ್ರಹಿ ಸಾಮಾನ್ಯವಾಗಿ ಸಿ ವರ್ಗಕ್ಕೇ ಬೀಳುತ್ತಿದ್ದುದರಿಂದ ಈ ಸವಲತ್ತು ಅವನಿಗೆ ದಕ್ಕಲಿಲ್ಲ. 1932ರಲ್ಲಿ 'ನರಬಲಿ' ಕವಿತೆಗಾಗಿ ದ. ರಾ. ಬೇಂದ್ರೆ ಇದೇ ಹಿಂಡಲಗಾದಲ್ಲಿದ್ದರು. ಅನಂತರ ಅವರನ್ನು ಧಾರವಾಡದ ಹತ್ತಿರದ ಮುಗದದಲ್ಲಿ ನಜರಬಂದಿಯಲ್ಲಿಟ್ಟರು. ಕವಿತೆಗೇ ಬೆದರಿದ ಸರ್ಕಾರ ಕಾಗದವನ್ನು ಓದದೆ ಬಿಟ್ಟೀತೇ?

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಜೈಲಿಗೆ 1963ರಲ್ಲಿ ರಾಜ್ಯದ್ದೇ ಕಾಯ್ದೆ ಬಂತು. ಹಲಸಿ, ನಂದಗಡದಂಥ ಖಾನಾಪುರ ತಾಲ್ಲೂಕಿನ ಊರುಗಳಲ್ಲಿ ಕನ್ನಡದಷ್ಟೇ ಮರಾಠಿಯೂ ಬಳಕೆಯಲ್ಲಿರುವುದರಿಂದ ಕಾಗದ ತಪಾಸಣೆ ಮಾಡುವವರಿಗೆ ಎರಡೂ ಲಿಪಿ ಗೊತ್ತಿರಬೇಕಾಗುತ್ತದೆ. ಒಳಗಿನಿಂದ ಹೊರಗೆ ಹೋಗುವ ಕಾಗದಕ್ಕೆ ನ್ಯಾಯಾಲಯಗಳು ಬಲ ಕೊಟ್ಟವು. ತಿಹಾರ್ ಕೈದಿ ಸುನಿಲ್ ಬಾತ್ರಾ ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಎತ್ತಿಕೊಂಡು 1979ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು.

ಗಲ್ಲುಕಂಬವಿರುವ ಹಿಂಡಲಗಾದಲ್ಲಿ ಎಲ್ಲಕ್ಕಿಂತ ಭಾರವಾದ ಟಪಾಲೆಂದರೆ ಕ್ಷಮಾದಾನದ ಅರ್ಜಿಗೆ ಬರುವ ಉತ್ತರ. 1993ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತಿದ್ದರು. ಆ ಪ್ರಕರಣದಲ್ಲಿ 2004ರಲ್ಲಿ ಮರಣದಂಡನೆಗೆ ಗುರಿಯಾದ ವೀರಪ್ಪನ್ ಸಹಚರರು ನಾಲ್ವರು ಇಲ್ಲಿ ಒಂಬತ್ತು ವರ್ಷ ಆ ಉತ್ತರಕ್ಕಾಗಿ ಕಾದರು. 2013ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಅರ್ಜಿಗಳನ್ನು ತಿರಸ್ಕರಿಸಿದರು. 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ವಿಳಂಬವನ್ನೇ ಕಾರಣವಾಗಿಟ್ಟು ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ತಿರಸ್ಕಾರದ ಸುದ್ದಿ ಕೈದಿಗೂ ಮನೆಯವರಿಗೂ ಬರವಣಿಗೆಯಲ್ಲೇ ಮುಟ್ಟಬೇಕು, ಅದು ಕೈಸೇರಿದ ಮೇಲೆ ಕನಿಷ್ಠ 14 ದಿನ ಗಲ್ಲಿಗೇರಿಸಕೂಡದು ಎಂದೂ ಅದೇ ತೀರ್ಪು ಹೇಳಿತು.

ಮನೆಯ ಸುದ್ದಿಗೆ ಈಗ ಫೋನು, ವಿಡಿಯೊ ಭೇಟಿ ಬಂದಿವೆ. ಕದ್ದು ತಂದ ಮೊಬೈಲಿನ ಕಾಟವೂ ಅವುಗಳ ಬೆನ್ನಿಗೇ ಬಂತು: 2023ರ ಜನವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರ ನಾಗಪುರದ ಕಚೇರಿಗೆ ಬಂದ ಬೆದರಿಕೆ ಕರೆಯ ಜಾಡು ಹಿಡಿದ ಪೊಲೀಸರು ಬಂದು ನಿಂತದ್ದು ಹಿಂಡಲಗಾದ ಬಾಗಿಲಿಗೆ.